ಗಡಿ ದಾಟಿದ ತಕ್ಕಡಿ

1956ರ ನವೆಂಬರ್ 1ರಂದು ಕಾಸರಗೋಡು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳವನ್ನು ಸೇರಿತು. ಆ ಅಗಲಿಕೆಯ ಚರಿತ್ರೆಯನ್ನು ಹೇಳುವಾಗ ನಾವು ಭಾಷೆ, ಶಾಲೆ, ಆಡಳಿತಗಳನ್ನೇ ಮುಖ್ಯವಾಗಿ ನೆನೆಯುತ್ತೇವೆ. ಈ ನೆಲದ ಸಂಸಾರಗಳನ್ನು ಸಾಕಿದ ಅಡಿಕೆಗೂ ಅದರಲ್ಲಿ ಒಂದು ಅಧ್ಯಾಯವಿದೆ. ತೋಟಗಳು ಕೇರಳಕ್ಕೆ ಸೇರಿದವು. ಅವುಗಳ ಫಸಲು ನೆಚ್ಚಿಕೊಂಡಿದ್ದ ದೊಡ್ಡ ಪೇಟೆ ಮಂಗಳೂರಿನಲ್ಲೇ ಉಳಿಯಿತು.

ಅಡಿಕೆಯ ವ್ಯಾಪಾರದಲ್ಲಿ ಸಣ್ಣ ಹಿಡುವಳಿದಾರನ ಕಷ್ಟ ಬೆಳೆಯುವುದಕ್ಕಿಂತ ಮಾರುವುದರಲ್ಲೇ ಹೆಚ್ಚು. ಹಣ್ಣಡಿಕೆಯನ್ನು ಅಂಗಳದಲ್ಲಿ ಸುಮಾರು 40 ದಿನ ಒಣಗಿಸಿ ಸುಲಿದರೆ ಚಾಲಿಯಾಗುತ್ತದೆ. ಅದನ್ನು ಒಂದು ವರ್ಷ ಕೆಡದಂತೆ ಕಾಪಿಟ್ಟರೆ 'ಹಳೆ ಅಡಿಕೆ'ಯೆಂದು ಸಾಮಾನ್ಯವಾಗಿ ಹೆಚ್ಚಿನ ಬೆಲೆ ಸಿಗುತ್ತದೆ. ಆದರೆ ಕಾಯುವ ಶಕ್ತಿ ಯಾರಿಗಿತ್ತು? ಮದುವೆಗೋ ಮಳೆಗಾಲದ ಖರ್ಚಿಗೋ ಮಂಡಿಯಿಂದ ಮುಂಗಡ ಪಡೆದವನು ಸುಲಿದ ಕೂಡಲೇ ಅಲ್ಲಿಗೇ ಅಡಿಕೆ ಹಾಕಬೇಕಿತ್ತು. ಉತ್ತರ ಭಾರತದ ಪೇಟೆಯ ಧಾರಣೆ ಅವನಿಗೆ ತಿಳಿಯುತ್ತಿರಲಿಲ್ಲ. ಇದು ಪಟೋರ, ಇದು ಕರಿಗೋಟು ಎಂದು ವಿಂಗಡಿಸುವವನೂ ಬೆಲೆ ಕಟ್ಟುವವನೂ ಕೊಳ್ಳುವವನೇ.

ಒಗ್ಗಟ್ಟಿನ ದಾರಿ ನಮ್ಮ ಸೀಮೆಗೆ ಹೊಸದಾಗಿರಲಿಲ್ಲ. 1904ರ ಕಾಯಿದೆ ಸಾಲದ ಸಹಕಾರ ಸಂಘಗಳಿಗಷ್ಟೇ ಅವಕಾಶ ಕೊಟ್ಟಿತ್ತು. 1912ರ ಕಾಯಿದೆ ಮಾರಾಟದಂಥ ಇತರ ಉದ್ದೇಶಗಳಿಗೂ ಬಾಗಿಲು ತೆರೆಯಿತು. ಪುತ್ತೂರಿನ ಮೊಳಹಳ್ಳಿ ಶಿವರಾಯರು ಆ ಕಾಲದಲ್ಲಿಯೇ ಜಿಲ್ಲೆಯಲ್ಲಿ ಸಹಕಾರದ ಬೀಜ ಬಿತ್ತಿದ್ದರು. ಆದರೆ ರಾಜ್ಯದ ಗಡಿ ಬಿದ್ದ ಮೇಲೆ ಒಂದು ರಾಜ್ಯದ ಸಂಘ ಇನ್ನೊಂದು ರಾಜ್ಯದ ಬೆಳೆಗಾರನನ್ನು ಸದಸ್ಯನನ್ನಾಗಿ ಮಾಡಿಕೊಳ್ಳುವುದು ಸುಲಭವಿರಲಿಲ್ಲ.

1970ರ ದಶಕದ ಆರಂಭದಲ್ಲಿ ಅಡಿಕೆಯ ಧಾರಣೆ ಕುಸಿದಾಗ ಈ ತೊಡಕು ಬಿಡಿಸಲೇಬೇಕಾಯಿತು. ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಬೆಳೆಗಾರರು ಒಂದಾದರು. ಕರ್ನಾಟಕ, ಕೇರಳ ಎರಡೂ ಸರಕಾರಗಳು ಕೈಜೋಡಿಸಿದವು. ಒಂದಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಹರಡಿದ ಸಂಘಗಳಿಗಾಗಿ 1942ರಲ್ಲಿ ಆಗಿದ್ದ ಕಾಯಿದೆಯ ಅಡಿಯಲ್ಲಿ, 1973ರ ಜುಲೈ 11ರಂದು ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಚಂದ್ರಗಿರಿಯ ಉತ್ತರದ ನೆಲ ಕರ್ನಾಟಕಕ್ಕೆ ಸೇರಬೇಕೆಂದ ಮಹಾಜನ ಆಯೋಗದ 1967ರ ವರದಿ ಜಾರಿಯಾಗದೆ ಉಳಿದಿದ್ದಾಗಲೇ, ಅಡಿಕೆಯ ವಿಷಯದಲ್ಲಿ ಎರಡು ರಾಜ್ಯಗಳು ಒಂದು ತಕ್ಕಡಿಯನ್ನು ಒಪ್ಪಿಕೊಂಡವು.

ಈ ಏರ್ಪಾಡಿನ ಬಲ ಸರಳವಾದದ್ದು. ಒಂದು ಚೀಲ ತಂದವನಿಗೂ ನೂರು ಚೀಲ ತಂದವನಿಗೂ ಅಂದಿನ ಪ್ರಕಟಿತ ಧಾರಣೆಯೇ ಆಧಾರ. ನೂರಾರು ಅಂಗಳಗಳ ಅಡಿಕೆ ಒಂದೇ ಗೋದಾಮಿಗೆ ಬರುವುದರಿಂದ ವಿಂಗಡಣೆ, ದಾಸ್ತಾನು, ದೂರದ ಸಾಗಾಟಗಳ ಖರ್ಚು ಹಂಚಿಹೋಗುತ್ತದೆ. ಬೆಳೆಗಾರನೊಬ್ಬನಿಗೆ ಇಲ್ಲದ ಕಾಯುವ ಶಕ್ತಿ ಸಂಘಕ್ಕೆ ಇರುತ್ತದೆ. ಖಾಸಗಿ ವ್ಯಾಪಾರಿಯೂ ಆ ಧಾರಣೆಯನ್ನು ನೋಡಿಯೇ ತನ್ನ ಬೆಲೆ ಹೇಳಬೇಕಾಗುತ್ತದೆ. ಹೀಗೆ ಸದಸ್ಯನಲ್ಲದವನಿಗೂ ಇದರ ಲಾಭ ಮುಟ್ಟಿತು. ಅಡಿಕೆಯ ನೆರಳಿನಲ್ಲಿ ಬೆಳೆದ ಕೋಕೋಗೆ ಗಿರಾಕಿಯಿಲ್ಲದಂತಾದಾಗ ಅದನ್ನೂ ಸಂಘವೇ ಕೊಂಡಿತು; 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆ ಆರಂಭವಾಯಿತು.

ಸಂಘ ಎಲ್ಲವನ್ನೂ ಪರಿಹರಿಸಿತೆಂದು ನಾವು ಹೇಳಲಾರೆವು. ಹಳದಿ ರೋಗವನ್ನಾಗಲಿ, ಹೊರದೇಶದ ಅಡಿಕೆಯ ಒತ್ತಡವನ್ನಾಗಲಿ ತಕ್ಕಡಿಯೊಂದೇ ತಡೆಯದು. ಧಾರಣೆ ಬಿದ್ದಾಗ ಸಂಘದ ಬಾಗಿಲು, ಎರಡು ರೂಪಾಯಿ ಏರಿದಾಗ ಹೊರಗಿನ ಅಂಗಡಿ ಎಂಬ ನಡತೆಯೂ ನಮ್ಮಲ್ಲಿದೆ. ನಷ್ಟದ ಹೊತ್ತಿಗಷ್ಟೇ ನೆನಪಾಗುವ ಸಂಘ ಬಹುಕಾಲ ಬಾಳದು.

ಇಂದು ಬದಿಯಡ್ಕ, ಮುಳ್ಳೇರಿಯದ ಕಡೆ ತೊಂಡೆ, ಅಲಸಂಡೆ, ಬಸಳೆ ಬೆಳೆಯುವ ಸಂಸಾರಗಳ ಮುಂದೆ ಅದೇ ಹಳೆಯ ಪ್ರಶ್ನೆ ಇನ್ನೂ ಕಠಿಣವಾಗಿ ನಿಂತಿದೆ. ಅಡಿಕೆ ವರ್ಷ ಕಾಯುತ್ತದೆ, ಬಸಳೆ ಸಂಜೆಯವರೆಗೂ ಕಾಯದು. ಹಾಗಾಗಿ ಇಲ್ಲಿ ಗೋದಾಮಿಗಿಂತ ಮುಂಜಾನೆಯ ಒಂದು ಸಾಮೂಹಿಕ ವಾಹನ, ಒಪ್ಪಿದ ಒಂದು ತೂಕ, ಸರದಿಯಂತೆ ಬಿತ್ತುವ ಒಂದು ತೀರ್ಮಾನ ಹೆಚ್ಚು ಬೇಕು. ಇವು ಮೂರೂ ಸರಕಾರದ ಆದೇಶಕ್ಕೆ ಕಾಯಬೇಕಾದವಲ್ಲ. ಹತ್ತು ಮನೆಯವರು ಒಂದು ಜಗಲಿಯಲ್ಲಿ ಕುಳಿತು ಮಾತಾಡಿಕೊಂಡರೆ ಸಾಕು.