ಆಪರೇಷನ್ ‘ಈಗ ಬೇಡ’ ಅಂದರೆ

ಕಳೆದ ವರ್ಷ ಗೆಳೆಯನೊಬ್ಬ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ. ಅವನ ಅಪ್ಪನಿಗೆ ಪ್ಯಾಂಕ್ರಿಯಾಸ್ ಕ್ಯಾನ್ಸರ್. ಗಡ್ಡೆ ರಕ್ತನಾಳಕ್ಕೆ ತಾಗಿದೆ, ಮೊದಲು ಕೀಮೋ ಕೊಡೋಣ, ಆಪರೇಷನ್ ಆಮೇಲೆ ನೋಡೋಣ ಅಂದಿದ್ದರಂತೆ ಡಾಕ್ಟರು. “ಅಂದ್ರೆ ಕೈಬಿಟ್ರು ಅಂತ ತಾನೇ?” ಅಂದ. ಆಗ ನನಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಓದುತ್ತಾ ಹೋದಾಗ ತಿಳಿಯಿತು, ಈ ಪ್ರಶ್ನೆಯ ಹಿಂದೆ ನೂರು ವರ್ಷಕ್ಕೂ ಮಿಕ್ಕಿದ ಕಥೆ ಇದೆ.

ಪ್ಯಾಂಕ್ರಿಯಾಸ್, ಅಂದರೆ ಮೇದೋಜ್ಜೀರಕ ಗ್ರಂಥಿ, ಜಠರದ ಹಿಂದೆ ಅಡಗಿ ಕೂತಿರುವ ಅಂಗ. ಅದರ ತಲೆಭಾಗ ಸಣ್ಣ ಕರುಳಿಗೆ ಅಂಟಿಕೊಂಡಿದೆ. ಪಿತ್ತನಾಳ ಅಲ್ಲೇ ಹಾದುಹೋಗುತ್ತದೆ. ಕರುಳಿನ ದೊಡ್ಡ ರಕ್ತನಾಳಗಳು ಅದರ ಬೆನ್ನಿಗೇ ಇವೆ. ಒಂದನ್ನು ತೆಗೆಯಬೇಕಾದರೆ ಅಕ್ಕಪಕ್ಕದ್ದನ್ನೂ ತೆಗೆದು, ಉಳಿದದ್ದನ್ನು ಮತ್ತೆ ಜೋಡಿಸಿ ಹೊಲಿಯಬೇಕು. 1909ರಲ್ಲಿ ಬರ್ಲಿನ್ನಿನ ವಾಲ್ಟರ್ ಕೌಶ್ ಇಂಥದ್ದೊಂದನ್ನು ಎರಡು ಹಂತದಲ್ಲಿ ಮಾಡಿದರು. 1935ರಲ್ಲಿ ನ್ಯೂಯಾರ್ಕಿನ ಅಲೆನ್ ವಿಪ್ಪಲ್ ಕೂಡ ಎರಡು ಹಂತದ ವಿಧಾನವನ್ನೇ ಪ್ರಕಟಿಸಿದರು. ಯಾಕೆಂದರೆ ಕಾಮಾಲೆಯಾದ ರೋಗಿಗೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಮೊದಲು ಪಿತ್ತ ಹರಿಯಲು ದಾರಿ ಮಾಡಿ, ಕಾದು, ಆಮೇಲೆ ಗಡ್ಡೆಗೆ ಕೈಹಾಕಬೇಕಿತ್ತು. 1940ರಲ್ಲಿ ವಿಪ್ಪಲ್ ಜಠರದ ಕ್ಯಾನ್ಸರ್ ಅಂದುಕೊಂಡು ಹೊಟ್ಟೆ ತೆರೆದರೆ, ಗಡ್ಡೆ ಇದ್ದದ್ದು ಪ್ಯಾಂಕ್ರಿಯಾಸ್‌ನಲ್ಲಿ! ರೋಗಿಗೆ ಕಾಮಾಲೆ ಇರಲಿಲ್ಲ. ಒಂದೇ ಸಲಕ್ಕೆ ಮುಗಿಸಿದರು. ಇವತ್ತಿಗೂ ಆ ಆಪರೇಷನ್‌ಗೆ ಅವರದ್ದೇ ಹೆಸರು.

ಮಾಡಲು ಬರುತ್ತೆ ಅಂದಮಾತ್ರಕ್ಕೆ ಮಾಡಲೇಬೇಕಾ? 1960ರ ದಶಕದಲ್ಲೂ ಎಷ್ಟೋ ಕಡೆ ನಾಲ್ವರಲ್ಲಿ ಒಬ್ಬರು ಈ ಆಪರೇಷನ್ ಆದಮೇಲೆ ಮನೆಗೇ ಮರಳುತ್ತಿರಲಿಲ್ಲ. 1970ರಲ್ಲಿ ಅಮೆರಿಕದ ಸರ್ಜನ್ ಜಾರ್ಜ್ ಕ್ರೈಲ್ ಜೂನಿಯರ್, ಗಡ್ಡೆ ಮುಟ್ಟದೆ ಪಿತ್ತಕ್ಕೆ ಬದಲಿ ದಾರಿ ಮಾಡುವುದೇ ವಾಸಿ ಅಂತ ನೇರವಾಗಿ ಬರೆದರು. ಅವತ್ತಿನ ಲೆಕ್ಕ ನೋಡಿದರೆ ಅವರ ಮಾತು ತಳ್ಳಿಹಾಕುವಂಥದ್ದಾಗಿರಲಿಲ್ಲ.

ಲೆಕ್ಕ ಬದಲಾಗಿದ್ದು ಅನುಭವದಿಂದ. 1993ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಜಾನ್ ಕ್ಯಾಮರೂನ್ ತಂಡ ಸಾಲಾಗಿ 145 ವಿಪ್ಪಲ್ ಆಪರೇಷನ್ ಮಾಡಿ, ಅದರಿಂದ ಒಬ್ಬರೂ ಸಾಯಲಿಲ್ಲ ಎಂದು ವರದಿ ಮಾಡಿತು. ಇದನ್ನೇ ಪದೇ ಪದೇ ಮಾಡುವ ಕೈಗಳು, ಆಮೇಲಿನ ಆರೈಕೆ ಗೊತ್ತಿರುವ ವಾರ್ಡು ಎಷ್ಟು ಮುಖ್ಯ ಅಂತ ಆಗ ಎಲ್ಲರಿಗೂ ಅರ್ಥವಾಯಿತು.

ಆದರೂ ಗಡ್ಡೆ ಮುಖ್ಯ ರಕ್ತನಾಳವನ್ನು ಸುತ್ತಿಕೊಂಡಿದ್ದರೆ ಎಂಥ ಪಳಗಿದ ಕೈಯೂ ಪೂರ್ತಿ ತೆಗೆಯುವುದು ಕಷ್ಟ. ಸ್ಕ್ಯಾನ್‌ಗೆ ಕಾಣದ ಕಣಗಳು ಅಷ್ಟರಲ್ಲೇ ಬೇರೆಡೆಗೆ ಹೋಗಿರಬಹುದು. 2000ದ ನಂತರ ವೈದ್ಯರು ‘ತೆಗೆಯಬಹುದು’, ‘ಆಗದು’ ಇವೆರಡರ ಮಧ್ಯೆ ‘ಅಂಚಿನಲ್ಲಿದೆ’ ಅನ್ನುವ ಗುಂಪನ್ನು ಗುರುತಿಸಿದರು. 2011ರಲ್ಲಿ ಫ್ರಾನ್ಸಿನ ಅಧ್ಯಯನವೊಂದರಲ್ಲಿ, ಕ್ಯಾನ್ಸರ್ ಹರಡಿದ್ದರೂ ದೇಹದಲ್ಲಿ ತ್ರಾಣವಿದ್ದವರಿಗೆ ಫೋಲ್ಫಿರಿನಾಕ್ಸ್ ಎಂಬ ಕೀಮೋ ಕೊಟ್ಟಾಗ ಸರಾಸರಿ ಆಯಸ್ಸು 6.8 ತಿಂಗಳಿನಿಂದ 11.1 ತಿಂಗಳಿಗೆ ಏರಿತು. ಅದನ್ನೇ ಅಂಚಿನ ರೋಗಿಗಳಿಗೆ ಆಪರೇಷನ್‌ಗೆ ಮುಂಚೆ ಕೊಡಲು ಶುರುಮಾಡಿದರು. ಕೆಲವರ ಗಡ್ಡೆ ಕುಗ್ಗಿ ದಾರಿ ತೆರೆಯಿತು. ಇನ್ನು ಕೆಲವರಿಗೆ ಅಷ್ಟರಲ್ಲೇ ಹರಡಿದ್ದು ಕಂಡಿತು; ಪ್ರಯೋಜನವಿಲ್ಲದ ದೊಡ್ಡ ಆಪರೇಷನ್ನಿನ ನೋವಾದರೂ ತಪ್ಪಿತು. ಹಾಗಂತ ಈ ಔಷಧಿ ಸಲೀಸಲ್ಲ, ಎಲ್ಲರ ದೇಹವೂ ತಡೆಯುವುದಿಲ್ಲ.

ಗೆಳೆಯನಿಗೆ ಇಷ್ಟೆಲ್ಲ ಹೇಳಲಿಲ್ಲ. ‘ಈಗ ಬೇಡ’ ಅಂದರೆ ಕೈಬಿಟ್ಟ ಹಾಗಲ್ಲ ಅಂದೆ. ಡಾಕ್ಟರ ಹತ್ತಿರ ಕೇಳೋದಕ್ಕೆ ಮೂರು ಪ್ರಶ್ನೆ ಕಳಿಸಿದೆ: ಯಾವ ನಾಳಕ್ಕೆ, ಎಷ್ಟು ತಾಗಿದೆ? ಎಷ್ಟು ಸುತ್ತು ಕೀಮೋ ಆದಮೇಲೆ ಮತ್ತೆ ಸ್ಕ್ಯಾನ್? ಇಲ್ಲಿ ವರ್ಷಕ್ಕೆ ಎಷ್ಟು ವಿಪ್ಪಲ್ ಮಾಡುತ್ತೀರಿ?

ನಾಲ್ಕನೆಯದನ್ನು ಅವನ ಅಪ್ಪನೇ ಕೇಳಿದರಂತೆ: “ಊಟ ಸೇರೋ ಹಾಗೆ ಏನಾದ್ರೂ ಮಾಡ್ತೀರಾ?” ಡಾಕ್ಟರು ಕಾಮಾಲೆಗೆ ಸ್ಟೆಂಟ್ ಹಾಕಿ, ಊಟದ ಜೊತೆ ಎಂಜೈಮ್ ಮಾತ್ರೆ ಬರೆದುಕೊಟ್ಟರು. ನನ್ನ ಪಟ್ಟಿಯಲ್ಲಿ ಮೊದಲು ಇರಬೇಕಾಗಿದ್ದದ್ದು ಆ ಪ್ರಶ್ನೆ.