ಮೂಲಪಾಠ ಹಂಚಿಕೆಯ ಎರಡು ಮಾರ್ಗಗಳು: ಇಸಿಲದಿಂದ ಯಲಗಟ್ಟದವರೆಗೆ

ಮೂಲಪಾಠವೊಂದನ್ನು ಅನ್ಯರ ಬಳಕೆಗಾಗಿ ಹಂಚುವಲ್ಲಿ ಎರಡು ಮಾರ್ಗಗಳು ಕಂಡುಬರುತ್ತವೆ. ಒಂದರಲ್ಲಿ ಪಾಠವು ಪರಿಶೀಲಕನ ಕೈದಾಟಿ ಬರುತ್ತದೆ; ಇನ್ನೊಂದರಲ್ಲಿ ಬಲ್ಲವರು ಯಾರ ಅಪ್ಪಣೆಗೂ ಕಾಯದೆ ನೀಡುತ್ತಾರೆ. ಗಣಕ ತಂತ್ರಾಂಶಗಳ ಮೂಲಸಂಕೇತದ ವಿನಿಮಯದಲ್ಲಿ ಈ ಭೇದವು 1980ರ ದಶಕದಲ್ಲಿ ಸ್ಪಷ್ಟ ರೂಪ ತಳೆಯಿತಾದರೂ ಭೇದ ಹೊಸದಲ್ಲ. ಚಿತ್ರದುರ್ಗ ಜಿಲ್ಲೆಯ ನೆರೆಯ ತಾಲ್ಲೂಕುಗಳಾದ ಮೊಳಕಾಲ್ಮೂರು ಮತ್ತು ಚಳ್ಳಕೆರೆಗಳಲ್ಲಿ ಎರಡಕ್ಕೂ ನಿದರ್ಶನಗಳಿವೆ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಹಾಗೂ ಜಟಿಂಗ ರಾಮೇಶ್ವರಗಳಲ್ಲಿನ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಕ್ರಿ. ಪೂ. 3ನೆಯ ಶತಮಾನದ ಈ ಪಾಠವು ಸುವರ್ಣಗಿರಿಯ ಆರ್ಯಪುತ್ರ ಮತ್ತು ಮಹಾಮಾತ್ರರ ಮೂಲಕ ಇಸಿಲದ ಮಹಾಮಾತ್ರರಿಗೆ ರವಾನೆಯಾಯಿತೆಂಬುದು ಅದರ ಪೀಠಿಕೆಯಿಂದಲೇ ತಿಳಿಯುತ್ತದೆ. ಇದು ಪೂರ್ಣ ನಿಯಂತ್ರಿತ ಮಾರ್ಗ. ಆದರೂ ಕೊನೆಯಲ್ಲಿ ಬರೆದವನ ಹೆಸರು ‘ಚಪಡ’ ಎಂದಿದೆ. ಆತನನ್ನು ಲಿಪಿಕಾರನೆಂದು ಸೂಚಿಸುವ ಪದ ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿದೆ. ಪ್ರಭುವಿನ ಮಾತಿನಲ್ಲಿ ನಕಲುಗಾರನ ಕೈಯೂ ಗುರುತಾಗಿ ಉಳಿದಿರುವುದು ಗಮನಾರ್ಹ.

ಚಳ್ಳಕೆರೆ ತಾಲ್ಲೂಕಿನ ಯಲಗಟ್ಟದ ಗೊಲ್ಲರಹಟ್ಟಿಯ ಸಿರಿಯಜ್ಜಿಯದು ಮತ್ತೊಂದು ಮಾರ್ಗ. ಓದುಬರಹವಿಲ್ಲದ ಈ ಕಾಡುಗೊಲ್ಲ ಹಾಡುಗಾರ್ತಿಯ ಪಾಠಗಳನ್ನು ಕೃಷ್ಣಮೂರ್ತಿ ಹನೂರರು ‘ಸಾವಿರದ ಸಿರಿಬೆಳಗು’ ಕೃತಿಯಲ್ಲಿ ಸಂಪಾದಿಸಿದ್ದಾರೆ. ಹಟ್ಟಿಯಲ್ಲಿ ಹಾಡು ಕಲಿಯಲು ಯಾರ ಮುದ್ರೆಯೂ ಬೇಕಿಲ್ಲ. ಜೊತೆಗೆ ಸೊಲ್ಲೆತ್ತುವ ಹೆಂಗಸರೇ ಹಾಡನ್ನು ತಿದ್ದುತ್ತಾರೆ, ಬೆಳೆಸುತ್ತಾರೆ, ಬೇಡವಾದದ್ದನ್ನು ಮರೆಯುತ್ತಾರೆ. ಪಾಠಾಂತರವು ಇಲ್ಲಿ ದೋಷವಲ್ಲ, ಪರಂಪರೆಯ ಉಸಿರು. ಆದರೆ ಮರೆತದ್ದು ಮರಳಿ ಬಾರದು.

ಯೂಸ್‌ನೆಟ್ ಜಾಲದ ಇತಿಹಾಸ ಇದಕ್ಕೆ ಹೋಲುತ್ತದೆ. ಅಲ್ಲಿನ ‘ಕಾಂಪ್.ಸೋರ್ಸಸ್’ ವರ್ಗದ ಪರಿಶೀಲಿತ ಗುಂಪುಗಳಲ್ಲಿ ಮೂಲಸಂಕೇತಗಳು ಸಂಪುಟಕ್ರಮದಲ್ಲಿ ಪ್ರಕಟವಾಗುತ್ತಿದ್ದುದರಿಂದ ಸಂಗ್ರಹಾಗಾರಗಳಿಗೆ ಅನುಕೂಲವಾಯಿತು. ಪರಿಶೀಲಕನ ಬಿಡುವಿಗೆ ಕಾಯಬೇಕಾದುದು ಅದರ ಮಿತಿ. ಲ್ಯಾರಿ ವಾಲ್ ಅವರ ಪರ್ಲ್ ಭಾಷೆ 1987ರ ಡಿಸೆಂಬರಿನಲ್ಲಿ ಹೊರಬಂದದ್ದು ಇಂಥ ಗುಂಪಿನಲ್ಲಿ. ಗೀಡೋ ವಾನ್ ರಾಸಮ್ ಅವರ ಪೈಥಾನ್ ಭಾಷೆಯಾದರೋ 1991ರ ಫೆಬ್ರವರಿಯಲ್ಲಿ ಪರಿಶೀಲಕರಿಲ್ಲದ ‘ಆಲ್ಟ್.ಸೋರ್ಸಸ್’ ಮೂಲಕ ಹೊರಬಂದಿತು. ಎರಡು ಮಾರ್ಗಗಳೂ ಫಲ ನೀಡಿವೆ.

ಜಾನಪದ ಸಂಗ್ರಹಕಾರ್ಯಕ್ಕೆ ಈ ಹೋಲಿಕೆಯಿಂದ ಪಾಠವಿದೆ. ಹಟ್ಟಿಯ ಹಾಡು ಗ್ರಂಥಸ್ಥವಾದ ಕ್ಷಣವೇ ಮುಕ್ತ ಮಾರ್ಗವು ಪರಿಶೀಲಿತ ಮಾರ್ಗವಾಗುತ್ತದೆ, ಸಂಪಾದಕನೇ ಮಹಾಮಾತ್ರನಾಗುತ್ತಾನೆ. ಆತ ‘ಶುದ್ಧ’ವೆಂದು ಆಯ್ದ ಒಂದೇ ಪಾಠ ಉಳಿದು, ಉಳಿದವು ಕೇಳುವವರಿಲ್ಲದೆ ಅಳಿಯುತ್ತವೆ. ಹಾಡಿದವರ ಹೆಸರೇ ಇಲ್ಲದ ಸಂಕಲನಗಳು ನಮ್ಮ ಗ್ರಂಥಾಲಯಗಳಲ್ಲಿ ಇಂದಿಗೂ ಇವೆ. ಆದುದರಿಂದ ಸಂಪಾದಿತ ಪಾಠದೊಡನೆ ಮೂಲ ಧ್ವನಿಮುದ್ರಣ, ಕೈಬಿಟ್ಟ ಪಾಠಾಂತರ, ಹಾಡಿದವರ ಹೆಸರು, ಹಟ್ಟಿ ಮತ್ತು ದಿನಾಂಕಗಳನ್ನು ರಕ್ಷಿಸುವುದು ಅಗತ್ಯ. ಸಾಮ್ರಾಟನ ಶಾಸನದಲ್ಲಿ ಚಪಡನಿಗೆ ದೊರೆತ ಸ್ಥಾನ ಹಟ್ಟಿಯ ಹಾಡುಗಾರ್ತಿಗೂ ಸಲ್ಲಬೇಕು.