ಒರೆಸಿದರೆ ಹೋಗುವ ಲೆಕ್ಕ

ಇಂದು ಸರ್ಕಾರಿ ಕಚೇರಿಯಲ್ಲಿ ಮೇಜಿನಿಂದ ಮೇಜಿಗೆ ಅಲೆಯುವ ‘ಕಡತ’ ಒಂದು ಕಾಲಕ್ಕೆ ಬಟ್ಟೆಯದಾಗಿತ್ತು, ವರ್ತಕರ ಅಂಗಡಿಯಲ್ಲೂ ಅದಕ್ಕೆ ಜಾಗವಿತ್ತು. 8ರಿಂದ 12 ಅಂಗುಲ ಅಗಲ, 12ರಿಂದ 18 ಅಡಿ ಉದ್ದದ ಹತ್ತಿಬಟ್ಟೆಯ ಎರಡೂ ಮಗ್ಗುಲಿಗೆ ಅಂಟಿನಲ್ಲಿ ಕಲಸಿದ ಇದ್ದಿಲ ಪುಡಿ ಬಳಿದು, ಒಣಗಿಸಿ, ಒಂದೇ ಅಳತೆಗೆ ಮಡಿಚಿದರೆ ಕಪ್ಪು ಪುಸ್ತಕ ಸಿದ್ಧ. ಬರೆಯುವುದು ಬಳಪದಲ್ಲಿ, ಬೇಡವೆಂದರೆ ಒರೆಸಿ ಮತ್ತೆ ಬರೆಯಬಹುದು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಹೊರಬಂದ ತನ್ನ ಇತಿಹಾಸ ಗ್ರಂಥದಲ್ಲಿ ಇದನ್ನು ವಿವರಿಸಿ, ಸೀಮೆಯ ವರ್ತಕರೂ ಅಂಗಡಿಕಾರರೂ ಆಗಲೂ ಇದರಲ್ಲೇ ಲೆಕ್ಕ ಇಡುತ್ತಿದ್ದರೆಂದು ಹೇಳುತ್ತಾನೆ. ವರ್ತಕನೊಬ್ಬನ ಕಡತದಲ್ಲಿ ಸಾಕ್ಷಿ ಸಮೇತ ಬರೆದ ಸಾಲಪತ್ರವನ್ನು ವಿಚಾರಣೆಯಲ್ಲಿ ಪುರಾವೆಯಾಗಿ ಒಪ್ಪಿದ್ದನ್ನೂ ಆತ ಕಂಡಿದ್ದ. ಒದ್ದೆ ಕೈಯಾಡಿಸಿದರೆ ಮಾಯವಾಗುವ ಸಾಲವನ್ನು ನ್ಯಾಯಪೀಠ ನಂಬಿದ್ದು ಹೇಗೆ?

ಆ ನಂಬಿಕೆಯ ಬೇರು ಬಳಪದ ಗೆರೆಗಿಂತ ಹೆಚ್ಚಾಗಿ ವರ್ತಕರ ವ್ಯವಹಾರದ ಹೆಣಿಗೆಯಲ್ಲಿತ್ತು ಎಂಬುದು ನನ್ನ ವಾದ. ಒಂದು ಅಂಗಡಿಯ ಗುಮಾಸ್ತ ಬರೆಯುತ್ತಿದ್ದ ಜಮೆ ಇನ್ನೊಂದು ಅಂಗಡಿಯ ಗುಮಾಸ್ತನಿಗೆ ಖರ್ಚು. ಒಂದೂರಿನಲ್ಲಿ ಕೊಂಡ ಹುಂಡಿ, ಅಂದರೆ ಹಣ ಪಾವತಿಯ ಚೀಟಿ, ಮತ್ತೊಂದೂರಿನಲ್ಲಿ ಹಣವಾಗುವಾಗ ಎರಡೂ ಕಡೆಯ ಪುಸ್ತಕದಲ್ಲಿ ಗುರುತು ಬಿಡುತ್ತಿತ್ತು. ತನ್ನ ಕಡತವನ್ನು ಒರೆಸಿಕೊಂಡವನು ಎದುರಾಳಿಯ ಕಡತವನ್ನು ಒರೆಸಲಾರ. ಎರಡೂ ತಾಳೆಯಾಗದ ದಿನ ಅವನ ಸಾಲದ ಬಾಗಿಲು ಮುಚ್ಚುತ್ತಿತ್ತು. ಸಾಲದ ಮೇಲೆಯೇ ನಿಂತ ವ್ಯಾಪಾರಕ್ಕೆ ಅದಕ್ಕಿಂತ ದೊಡ್ಡ ದಂಡವಿಲ್ಲ.

ಹಾಗಾದರೆ ಟಿಪ್ಪು ಸುಲ್ತಾನ ಇದನ್ನು ನಿಷೇಧಿಸಿದ್ದೇಕೆ ಎಂದು ಕೇಳಬಹುದು. ಸರ್ಕಾರಿ ಲೆಕ್ಕವನ್ನು ಕಡತದಲ್ಲಿ ಬರೆಯಕೂಡದೆಂದು ಅವನು ಕಟ್ಟಳೆ ಮಾಡಿದ್ದು ನಿಜ. ಆದರೆ ಆ ನಿಷೇಧ ಸರ್ಕಾರಿ ಲೆಕ್ಕಕ್ಕೆ ಸಂಬಂಧಿಸಿದ್ದೆಂಬುದನ್ನು ಗಮನಿಸಬೇಕು. ಕಂದಾಯದ ಲೆಕ್ಕ ಬರೆಯುವವನ ಎದುರು ರೈತ ತನ್ನದೇ ಪುಸ್ತಕ ಹಿಡಿದು ನಿಲ್ಲುವುದಿಲ್ಲ. ಅಲ್ಲಿ ಒರೆಸಿದ ಅಂಕಿಯನ್ನು ಪತ್ತೆಮಾಡಲು ತಾಳೆಪುಸ್ತಕವೇ ಇರದು. ಸುಲ್ತಾನನ ಅನುಮಾನವೂ ವರ್ತಕರ ಭರವಸೆಯೂ ತಂತಮ್ಮ ಜಾಗದಲ್ಲಿ ಸರಿಯೇ. ಇನ್ನು, ಕಾಗದ ಗೆದ್ದದ್ದು ಬಟ್ಟೆಗಿಂತ ಹೆಚ್ಚು ಬಾಳುತ್ತದೆಂಬ ಕಾರಣಕ್ಕೆ ಎನ್ನುವವರೂ ಇದ್ದಾರೆ. ವಿಲ್ಕ್ಸನ ಅಭಿಪ್ರಾಯ ಇದಕ್ಕೆ ತದ್ವಿರುದ್ಧ: ಕಲ್ಲು, ತಾಮ್ರ ಬಿಟ್ಟರೆ ಈ ನಾಡಿನಲ್ಲಿ ಕಡತಕ್ಕಿಂತ ಬಾಳಿಕೆಯ ದಾಖಲೆಯಿಲ್ಲ. ಶೃಂಗೇರಿ ಮಠದಲ್ಲಿ ಉಳಿದುಬಂದ ಕಡತಗಳು ಇತಿಹಾಸಕಾರರಿಗೆ ಆಕರವಾಗಿರುವುದು ಆ ಮಾತಿಗೆ ಇಂಬು ಕೊಡುತ್ತದೆ.

ಈ ವಾದಕ್ಕೆ ಒಂದು ಮಿತಿಯಿದೆ. ತಾಳೆ ನೋಡುವ ಭದ್ರತೆ ಪುಸ್ತಕ ಇಟ್ಟವರ ನಡುವಿನದು. ಮುಂಗಡ ಪಡೆದ ನೇಕಾರನಿಗೆ, ಬಿತ್ತನೆಗೆಂದು ಸಾಲ ತಂದ ಒಕ್ಕಲಿಗೆ ಗುಮಾಸ್ತನಿರಲಿಲ್ಲ. ವರ್ತಕನ ಕಡತ ಹೇಳಿದ್ದೇ ಅವರ ಸಾಲ. 1872ರ ಭಾರತೀಯ ಸಾಕ್ಷ್ಯ ಕಾಯ್ದೆಯ 34ನೇ ಕಲಂ ಇದಕ್ಕೆ ಅಡ್ಡಗಟ್ಟೆ ಹಾಕಿತು: ವ್ಯವಹಾರದ ಕ್ರಮದಲ್ಲಿ ತಪ್ಪದೆ ಬರೆದ ಲೆಕ್ಕಪುಸ್ತಕ ಪುರಾವೆಗೆ ಬರುತ್ತದೆ, ಆದರೆ ಅದೊಂದರಿಂದಲೇ ಯಾರ ಮೇಲೂ ಹೊಣೆ ಹೊರಿಸುವಂತಿಲ್ಲ. ಆ ಹೊತ್ತಿಗೆ ಕಾಗದ, ಶಾಯಿ ಬಂದಿದ್ದರೂ ಕಾಯ್ದೆ ಬರೆದವರು ಅಳಿಯದ ಶಾಯಿಯನ್ನು ನೆಚ್ಚಿ ಕೂರಲಿಲ್ಲ. ಕ್ರಮವನ್ನು ಕೇಳಿದರು, ಜೊತೆಗೆ ಇನ್ನೊಂದು ಪುರಾವೆಯನ್ನು ಕೇಳಿದರು. ಬಳಪದ ಕಾಲದ ವರ್ತಕರು ಪರಸ್ಪರ ಕೇಳಿಕೊಳ್ಳುತ್ತಿದ್ದುದೂ ಅದನ್ನೇ.